ದುಡ್ಡು ಬಂತು, ಆದರೆ ಹೇಗೆ ಬಂತು?

ಕೋವಿಡ್ ಬಂದ 2020ರಲ್ಲಿ, ಹೊರದೇಶದಲ್ಲಿ ದುಡಿಯುವವರು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಕಳಿಸುವ ಹಣ ಶೇ 20ರಷ್ಟು ಕುಸಿಯುತ್ತದೆ ಎಂದು ವಿಶ್ವಬ್ಯಾಂಕ್ ಹೇಳಿತ್ತು, ಕೊನೆಗೆ ಇಳಿದದ್ದು ಶೇ 2ಕ್ಕಿಂತ ಕಡಿಮೆ, ಭಾರತಕ್ಕೆ ಸುಮಾರು 83 ಬಿಲಿಯನ್ ಡಾಲರ್ ಬಂತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಲೆಕ್ಕ ಸರಿ. ಆದರೆ ಆ ಲೆಕ್ಕದೊಳಗೆ ನಮ್ಮ ಅಣ್ಣನ ದುಡ್ಡೂ ಇದೆ.

ಉಡುಪಿ ಹತ್ತಿರ ನಮ್ಮ ಮನೆ. ಅಣ್ಣ ದುಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಆ ವರ್ಷ ಜೂನ್‌ನಲ್ಲಿ ಕೆಲಸ ಹೋಯಿತು. ಲೆಕ್ಕ ಚುಕ್ತಾ ಮಾಡಿ ಕೊಟ್ಟದ್ದು, ಕೂಡಿಟ್ಟದ್ದು, ಎಲ್ಲವನ್ನೂ ಒಂದೇ ಸಲ ಅಮ್ಮನ ಖಾತೆಗೆ ಹಾಕಿ ವಿಮಾನ ಹತ್ತಿದ. ಪಾಸ್‌ಬುಕ್ಕಿನಲ್ಲಿ ಅಷ್ಟು ದೊಡ್ಡ ಮೊತ್ತ ಹಿಂದೆಂದೂ ಬಿದ್ದಿರಲಿಲ್ಲ. ಆಮೇಲೆ ಎಂಟು ತಿಂಗಳು ಜಮೆಯ ಕಾಲಂ ಖಾಲಿ. ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಗೆ ಹೋಯಿತು.

ಇನ್ನೊಂದು ಮಾತು. ಕೋವಿಡ್‌ನಿಂದ ಮಾಮೂಲಿ ವಿಮಾನಗಳು ನಿಂತಾಗ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ ನಗದೂ ಬ್ಯಾಂಕ್ ದಾರಿ ಹಿಡಿಯಿತು. ಮೊದಲು ಲೆಕ್ಕಕ್ಕೇ ಸಿಗದಿದ್ದ ದುಡ್ಡು ಅದು, ಅಲ್ವಾ?

ಜಾಗತಿಕ ಆರ್ಥಿಕ ಬಿಕ್ಕಟ್ಟಿನ 2009ರಲ್ಲಿ ಈ ಹಣದ ಇಳಿಕೆ ಶೇ 5ರ ಆಸುಪಾಸು ಇತ್ತು. ಅದಕ್ಕೆ ಹೋಲಿಸಿ 2020 ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ವಾಪಸ್ ಬಂದವರಲ್ಲಿ ಎಷ್ಟು ಜನ ಮತ್ತೆ ಹೋದರು, ಎಷ್ಟು ಸಂಬಳಕ್ಕೆ ಹೋದರು, ದಯವಿಟ್ಟು ಅದನ್ನೂ ಬರೆಯಿರಿ.