ಸಿನಿಮಾ ಸುಮಾರು, ಆದ್ರೆ ನೋಡಿ

ಹಾರರ್ ಸಿನಿಮಾ ಹುಚ್ಚಿರುವ ಇಬ್ಬರು ಸೇರಿದರೆ ಮಾತು ಬೇಗನೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ‘ಯಾರೂ ನೋಡಿರದಂಥದ್ದು ಒಂದು ಹೇಳಿ.’ ಕಷ್ಟ ಶುರುವಾಗುವುದೇ ಇಲ್ಲಿ. ದೆವ್ವ ಬಿಡಿಸುವ ಪಾದ್ರಿಯ ಕಥೆ, ಹಿಮದ ನಡುವಿನ ಖಾಲಿ ಹೋಟೆಲಿನ ಕಥೆ, ಇವನ್ನು ಎಲ್ಲರೂ ನೋಡಿ ಮುಗಿಸಿದ್ದಾರೆ. ಅವುಗಳ ಹೆಸರು ಹೇಳಿದರೆ ಎದುರಿನವರು ನಿಮ್ಮನ್ನು ಇನ್ನೂ ಎಳಸು ಅಂದುಕೊಳ್ಳುತ್ತಾರೆ. ಹಾಗಾಗಿ ನೆನಪಿನ ಮೂಲೆಯೆಲ್ಲ ತಡಕಾಡಿ, ಧೂಳು ಹಿಡಿದ ಒಂದು ಹೆಸರು ಹೊರತೆಗೆದು, ದನಿ ತಗ್ಗಿಸಿ ಹೇಳುತ್ತೀರಿ. ‘ಓ, ಅದಾ? ನೋಡಿದ್ದೀನಿ ಬಿಡಿ’ ಅಂತ ಉತ್ತರ ಬರುತ್ತದೆ. ಅಷ್ಟು ಕ್ರೂರವಾದ ದೃಶ್ಯ ಯಾವ ಹಾರರ್ ಸಿನಿಮಾದಲ್ಲೂ ಇಲ್ಲ.

ನೋಡಿಲ್ಲ ಅಂದರೂ ಗಂಡಾಂತರ ತಪ್ಪಿತು ಅಂತಲ್ಲ. ಆಗ ಹೊಗಳುವ ಚಪಲ ಶುರುವಾಗುತ್ತದೆ. ‘ಅದ್ಭುತ, ಒಂದು ವಾರ ನಿದ್ದೆ ಬರಲ್ಲ’ ಅಂತ ನೀವು ಹೇಳಿ ಕಳಿಸುತ್ತೀರಿ. ಅವರು ನೋಡಿ ಬಂದು, ‘ಏನ್ರೀ ಅದು, ದೆವ್ವದ ಮುಖಕ್ಕೆ ಬಳಿದ ಬಿಳಿ ಬಣ್ಣ ಎದ್ದು ಕಾಣ್ತಿತ್ತು’ ಅನ್ನುತ್ತಾರೆ. ಹೌದು, ಕಾಣುತ್ತದೆ. ಅದು ಬಣ್ಣವೇ. ಅದನ್ನು ನೀವೇ ಮೊದಲು ಹೇಳಿಬಿಟ್ಟಿದ್ದರೆ ಅವರು ಬಣ್ಣ ಹುಡುಕುತ್ತಾ ಕೂರುತ್ತಿರಲಿಲ್ಲ. ಅದಕ್ಕೇ ನನ್ನದೊಂದು ಪದ್ಧತಿ ಇದೆ. ಬಿ ಸಿನಿಮಾ, ಅಂದರೆ ಕಮ್ಮಿ ದುಡ್ಡಿನಲ್ಲಿ ತೆಗೆದ ಅಗ್ಗದ ಸಿನಿಮಾ, ಶಿಫಾರಸು ಮಾಡುವಾಗ ಕೊರತೆ ಮೊದಲು, ಹೊಗಳಿಕೆ ಆಮೇಲೆ. ಹೊಗಳಿಕೆಯೂ ಇಡೀ ಸಿನಿಮಾಕ್ಕೆ ಬೇಡ, ಒಂದೇ ಒಂದು ದೃಶ್ಯಕ್ಕೆ ಸಾಕು.

‘ಕಾರ್ನಿವಲ್ ಆಫ್ ಸೋಲ್ಸ್’ ತಗೊಳ್ಳಿ. 1962ರದ್ದು. ಕೊರತೆ ಮೊದಲು ಹೇಳುತ್ತೇನೆ: ತುಟಿಗೂ ಮಾತಿಗೂ ಅಲ್ಲಲ್ಲಿ ತಾಳೆಯಾಗುವುದಿಲ್ಲ, ಚಿಕ್ಕ ಪಾತ್ರದವರು ಪಾಠ ಒಪ್ಪಿಸುವ ಹಾಗೆ ಮಾತಾಡುತ್ತಾರೆ, ಕೊನೆಯ ತಿರುವು ಈಗಿನ ಪ್ರೇಕ್ಷಕರಿಗೆ ಮೊದಲ ಕಾಲು ಗಂಟೆಯಲ್ಲೇ ಹೊಳೆದುಬಿಡುತ್ತದೆ. ನಿರ್ದೇಶಕ ಹರ್ಕ್ ಹಾರ್ವಿಯ ಹೊಟ್ಟೆಪಾಡಿನ ಕೆಲಸ ಶಾಲೆಗಳಿಗೆ, ಕಂಪನಿಗಳಿಗೆ ಬೋಧನೆಯ ಚಿತ್ರ ತೆಗೆಯುವುದು. ಇದ್ದದ್ದು ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಊರಿನಲ್ಲಿ. ಒಮ್ಮೆ ಕಾರಿನಲ್ಲಿ ಹೋಗುವಾಗ ಯೂಟಾದ ಉಪ್ಪಿನ ಸರೋವರದ ದಡದಲ್ಲಿ ಪಾಳುಬಿದ್ದ ಸಾಲ್ಟೇರ್ ಮಂಟಪ ಕಣ್ಣಿಗೆ ಬಿತ್ತು. ಹಿಂದೆ ಜನ ಕುಣಿಯಲು ಬರುತ್ತಿದ್ದ ದೊಡ್ಡ ಜಾಗ ಅದು. ಕಥೆ ಬರೆಯಲು ಸಹೋದ್ಯೋಗಿ ಜಾನ್ ಕ್ಲಿಫರ್ಡ್‌ಗೆ ಹೇಳಿದ. ಸುಮಾರು 33 ಸಾವಿರ ಡಾಲರ್, ಮೂರು ವಾರ, ಅಷ್ಟೇ. ನಾಯಕಿಯನ್ನು ಬೆನ್ನಟ್ಟುವ ಬಿಳಿಚಿದ ಮುಖದ ಮನುಷ್ಯನ ಪಾತ್ರ ತಾನೇ ಮಾಡಿದ. ಆಮೇಲೆ ಕಥಾಚಿತ್ರ ಅಂತ ಇನ್ನೊಂದು ಮಾಡಲೇ ಇಲ್ಲ, ಬೋಧನೆಯ ಚಿತ್ರಗಳಿಗೇ ವಾಪಸಾದ.

ಇಷ್ಟೆಲ್ಲ ಹೇಳಿ ಒಂದು ದೃಶ್ಯದ ಆಸೆ ಹುಟ್ಟಿಸಬೇಕು. ನಾಯಕಿ ಮೇರಿ ಬಟ್ಟೆ ಅಂಗಡಿಗೆ ಹೋಗಿರುತ್ತಾಳೆ. ಒಂದು ಉಡುಪು ಹಾಕಿ ನೋಡಲು ಒಳಗೆ ಹೋಗುತ್ತಾಳೆ. ಹೊರಬರುವಾಗ ಲೋಕದ ಸದ್ದೆಲ್ಲ ನಿಂತುಹೋಗಿರುತ್ತದೆ. ಅಂಗಡಿಯವಳನ್ನು ಮಾತಾಡಿಸುತ್ತಾಳೆ, ಅವಳಿಗೆ ಕೇಳಿಸುವುದಿಲ್ಲ. ಬೀದಿಗೆ ಬರುತ್ತಾಳೆ. ಕಾರು ಓಡುತ್ತಿವೆ, ಜನ ನಡೆಯುತ್ತಿದ್ದಾರೆ, ಒಂದು ಚೂರು ಸದ್ದಿಲ್ಲ. ಅವಳ ಹೆಜ್ಜೆಯ ಸದ್ದು ಮಾತ್ರ ಇದೆ. ಯಾರೂ ಅವಳತ್ತ ತಿರುಗಿ ನೋಡುವುದಿಲ್ಲ. ಆಮೇಲೆ ಒಂದು ಮರದ ಕೆಳಗೆ ಹಕ್ಕಿಯ ಕೂಗು ಕೇಳಿಸಿ, ಸದ್ದೆಲ್ಲ ವಾಪಸ್ ಬರುತ್ತದೆ. ಇದಕ್ಕೆ ಖರ್ಚಾಗಿದ್ದು ಎಷ್ಟಿರಬಹುದು? ಸದ್ದು ತೆಗೆಯುವುದಕ್ಕೆ ದುಡ್ಡು ಬೇಕಿಲ್ಲವಲ್ಲ. ಕೋಟಿಗಟ್ಟಲೆ ಸುರಿದು ತೆಗೆದ ಎಷ್ಟೋ ದೆವ್ವಗಳು ಮರೆತುಹೋಗಿವೆ. ಈ ಬೀದಿ ಮರೆತಿಲ್ಲ.

ಇಂಥ ದೃಶ್ಯಗಳು ಬಡ ಸಿನಿಮಾಗಳಲ್ಲೇ ಹೆಚ್ಚು ಯಾಕೆ ಅಂತ ಯೋಚಿಸಿದ್ದೀರಾ? ಒಂದು ಕಾರಣ ಶುದ್ಧ ಲೆಕ್ಕಾಚಾರ. 1930ರ ದಶಕದ ಅಮೆರಿಕದಲ್ಲಿ ಜನರ ಕೈಯಲ್ಲಿ ಕಾಸಿರಲಿಲ್ಲ. ಅವರನ್ನು ಸೆಳೆಯಲು ಥಿಯೇಟರುಗಳು ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸತೊಡಗಿದವು. ದೊಡ್ಡ ನಟರಿರುವ ಸಿನಿಮಾಕ್ಕೆ ಗಳಿಕೆಯಲ್ಲಿ ಪಾಲು. ಜೊತೆಗೆ ಬರುವ ಅಗ್ಗದ ಸಿನಿಮಾಕ್ಕೆ ಗೊತ್ತುಮಾಡಿದ ಬಾಡಿಗೆ. ಜನ ಮುಗಿಬಿದ್ದರೂ ಅಷ್ಟೇ, ಎದ್ದುಹೋದರೂ ಅಷ್ಟೇ. ಹೇಗೆ ಮಾಡಿದರೂ ಬರುವ ದುಡ್ಡು ಒಂದೇ ಅಂದಾಗ ಹೆಚ್ಚಿನವರು ಕೈಗೆ ಬಂದ ಹಾಗೆ ಸುತ್ತಿ ಕೊಟ್ಟರು. ಕಾಸಿಗೆ ತಕ್ಕ ಕಜ್ಜಾಯ. ಕೆಲವರು ಮಾತ್ರ, ಹೇಗೂ ಮೇಲಿನವರು ಯಾರೂ ಗಮನಿಸುತ್ತಿಲ್ಲ, ನಮಗೆ ಬೇಕಾದ್ದು ಮಾಡೋಣ ಅಂದುಕೊಂಡರು.

ಆ ಕೆಲವರಲ್ಲಿ ನನಗೆ ತುಂಬ ಇಷ್ಟವಾದವನು ನಿರ್ಮಾಪಕ ವಾಲ್ ಲೂಟನ್. 1942ರಲ್ಲಿ ಹಾಲಿವುಡ್‌ನ ಆರ್‌ಕೆಒ ಸ್ಟುಡಿಯೋ ಅವನಿಗೆ ಹಾರರ್ ವಿಭಾಗ ವಹಿಸಿತು. ಷರತ್ತುಗಳು ಮೂರು. ಒಂದೂವರೆ ಲಕ್ಷ ಡಾಲರ್ ದಾಟಬಾರದು. 75 ನಿಮಿಷ ಮೀರಬಾರದು. ಹೆಸರು ನಾವು ಕೊಡುತ್ತೇವೆ, ಕಥೆ ನೀನು ಮಾಡಿಕೋ. ಅವರು ಕೊಟ್ಟ ಮೊದಲ ಹೆಸರು ‘ಕ್ಯಾಟ್ ಪೀಪಲ್’. ಬೆಕ್ಕಿನ ಜನ! ಸ್ಟುಡಿಯೋದವರ ತಲೆಯಲ್ಲಿ ಮೈಯೆಲ್ಲ ಕೂದಲಿನ ವೇಷ ಇತ್ತೋ ಏನೋ. ಲೂಟನ್ ಮತ್ತು ನಿರ್ದೇಶಕ ಜಾಕ್ ಟರ್ನರ್ ಸೇರಿ ಮಾಡಿದ್ದು ಬೇರೆಯೇ. ಅಸೂಯೆ ಕೆರಳಿದರೆ ತಾನು ಕರಿಚಿರತೆ ಆಗಿಬಿಡುತ್ತೇನೆ ಅಂತ ನಂಬಿದ ಇರೀನಾ ಅನ್ನುವ ಹೆಣ್ಣಿನ ಕಥೆ. ಅವಳ ಗಂಡ, ಗಂಡನ ಜೊತೆ ಕೆಲಸ ಮಾಡುವ ಆಲಿಸ್. ಮೇಲ್ನೋಟಕ್ಕೆ ಇದೊಂದು ಕುಸಿಯುತ್ತಿರುವ ಮದುವೆಯ ಕಥೆ ಅಷ್ಟೇ.

ಇದರ ಈಜುಕೊಳದ ದೃಶ್ಯ ನೋಡಬೇಕು. ಆಲಿಸ್ ರಾತ್ರಿ ಒಬ್ಬಳೇ ಈಜಲು ಬಂದಿದ್ದಾಳೆ. ಕಟ್ಟಡದ ತಳದಲ್ಲಿರುವ ಕೊಳ. ಮೆಟ್ಟಿಲಿನ ಕಡೆ ಏನೋ ಸುಳಿದ ಹಾಗಾಗುತ್ತದೆ. ಅವಳು ಗಾಬರಿಯಿಂದ ನೀರಿಗೆ ಹಾರಿ, ನಟ್ಟನಡುವೆ ಕೈಕಾಲು ಬಡಿಯುತ್ತಾ ಸುತ್ತಲೂ ತಿರುಗುತ್ತಾಳೆ. ನೀರಿನಿಂದ ಎದ್ದ ಬೆಳಕು ಗೋಡೆಯ ಮೇಲೆ, ಚಾವಣಿಯ ಮೇಲೆ ತೇಲಾಡುತ್ತದೆ. ಗುರ್ ಅನ್ನುವ ಸದ್ದು ಗೋಡೆಗೆ ಬಡಿದು ಮರಳುತ್ತದೆ. ನೆರಳೊಂದು ಇದೆ, ಅಥವಾ ಇದೆ ಅಂತ ನಮಗೇ ಅನ್ನಿಸುತ್ತದೆ. ಆಲಿಸ್ ಚೀರುತ್ತಾಳೆ. ದೀಪ ಹತ್ತುತ್ತದೆ. ಸ್ವಿಚ್ಚಿನ ಪಕ್ಕ ಇರೀನಾ ನಿಂತಿದ್ದಾಳೆ. ಏನಾಯಿತು ಅಂತ ಬಹಳ ಮರ್ಯಾದೆಯಿಂದ ಕೇಳಿ ಹೊರಟುಹೋಗುತ್ತಾಳೆ. ಆಮೇಲೆ ನೋಡಿದರೆ ದಡದಲ್ಲಿ ಬಿಚ್ಚಿಟ್ಟ ಆಲಿಸಳ ನಿಲುವಂಗಿ ಚಿಂದಿ ಚಿಂದಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇವರು ಹಾಸಿಗೆ ಎಲ್ಲಿ ಮುಗಿಯಿತು ಅಂತಲೇ ಕತ್ತಲಲ್ಲಿ ಕಾಣಿಸಲಿಲ್ಲ.

ಲೂಟನ್‌ಗೆ ಸಿಕ್ಕ ಮುಂದಿನ ಹೆಸರು ಇನ್ನೂ ಮಜಾ, ‘ಐ ವಾಕ್ಡ್ ವಿತ್ ಎ ಜಾಂಬಿ’. 1943. ಹೆಸರು ಹೇಳಿದ ಕೂಡಲೇ ಜನ ನಗುತ್ತಾರೆ. ನಗಲಿ ಬಿಡಿ. ಸಿನಿಮಾದ ಮೊದಲಲ್ಲೇ ಕಥೆ ಹೇಳುವ ನರ್ಸ್ ಕೂಡ ಆ ಮಾತು ಹೇಳಿ ನಗುತ್ತಾಳೆ. ಆಮೇಲೆ ಕಬ್ಬಿನ ಗದ್ದೆಯಲ್ಲಿ ರಾತ್ರಿ ಇಬ್ಬರು ಹೆಂಗಸರು ನಡೆದುಹೋಗುವ ದೃಶ್ಯ ಬರುತ್ತದೆ. ಗಾಳಿಯ ಸದ್ದು ಬಿಟ್ಟರೆ ಹೆಚ್ಚೇನಿಲ್ಲ. ಅದು ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರುವುದಿಲ್ಲ.

ಎಲ್ಲ ಕೊರತೆಯೂ ಹೀಗೆ ಗಂಭೀರವಾಗಿರಬೇಕು ಅಂತೇನಿಲ್ಲ. ವಿಲಿಯಂ ಕ್ಯಾಸಲ್ ಅಂತ ಒಬ್ಬ ಮಹಾಶಯ ಇದ್ದ. ಅರ್ಧ ನಿರ್ದೇಶಕ, ಅರ್ಧ ಜಾತ್ರೆಯಲ್ಲಿ ಕೂಗಿ ಜನ ಸೇರಿಸುವವನು. 1958ರಲ್ಲಿ ಒಂದು ಸಿನಿಮಾ ಮಾಡಿ, ಅದನ್ನು ನೋಡಿ ಹೆದರಿ ಸತ್ತವರಿಗೆ ಸಾವಿರ ಡಾಲರಿನ ವಿಮೆ ಅಂತ ಘೋಷಿಸಿದ. ಮರುವರ್ಷದ ‘ದಿ ಟಿಂಗ್ಲರ್’ಗೆ ಥಿಯೇಟರಿನ ಕೆಲವು ಸೀಟುಗಳ ಕೆಳಗೆ ನಡುಗುವ ಮೋಟಾರು ಹಾಕಿಸಿದ. ಮನುಷ್ಯನ ಬೆನ್ನುಮೂಳೆಯಲ್ಲಿ ಒಂದು ಹುಳ ಇದೆ, ಹೆದರಿದಾಗ ಬೆಳೆಯುತ್ತದೆ, ಚೀರಿದರೆ ಸೊರಗುತ್ತದೆ. ಇದು ಕಥೆ. ಹುಳ ರಬ್ಬರಿನದು, ಎಳೆಯುವ ದಾರವೂ ಕಾಣುತ್ತದೆ. ಇದನ್ನು ಖಂಡಿತ ಮೊದಲೇ ಹೇಳಿ.

ಆದರೆ ಅದೇ ಸಿನಿಮಾದಲ್ಲಿ ಒಂದು ಸ್ನಾನದ ಮನೆ ಇದೆ. ಸಿನಿಮಾ ಕಪ್ಪುಬಿಳುಪು. ಕಿವಿ ಕೇಳದ, ಮಾತು ಬಾರದ ಒಬ್ಬ ಹೆಂಗಸು, ಪಾಪ, ಹೆದರಿದರೂ ಚೀರಲಾರಳು. ನಲ್ಲಿ ತಿರುಗಿಸುತ್ತಾಳೆ. ಕೆಂಪು ರಕ್ತ ಸುರಿಯುತ್ತದೆ, ನಿಜವಾದ ಕೆಂಪು. ಟಬ್ಬಿನ ತುಂಬ ಕೆಂಪು, ಅದರೊಳಗಿಂದ ಮೇಲೇಳುವ ಕೈಯೂ ಕೆಂಪು. ಸುತ್ತಲಿನ ಗೋಡೆ, ಅವಳ ಮುಖ ಎಲ್ಲ ಬೂದಿ ಬಣ್ಣ. ಹೇಗೆ ಮಾಡಿದರು ಗೊತ್ತಾ? ಕ್ಯಾಮೆರಾಕ್ಕೆ ಕಲರ್ ಫಿಲಂ ಹಾಕಿ, ಸೆಟ್ಟಿಗೆಲ್ಲ ಕಪ್ಪು, ಬಿಳಿ, ಬೂದಿ ಬಣ್ಣ ಬಳಿದರು. ನಟಿಯ ಮುಖಕ್ಕೂ ಬೂದಿ ಬಣ್ಣದ ಮೇಕಪ್ ಹಚ್ಚಿದರು. ಕಲರ್ ಸಿನಿಮಾವನ್ನೇ ಕಪ್ಪುಬಿಳುಪಿನ ವೇಷ ಹಾಕಿ ಕೂರಿಸಿದರು! ರಬ್ಬರ್ ಹುಳ ಮಾಡಿದವರೇ ಇದನ್ನೂ ಮಾಡಿದ್ದು. ಇದೇ ನನಗೆ ಈ ಸಿನಿಮಾಗಳಲ್ಲಿ ಬಿಡಿಸಲಾಗದ ಒಗಟು.

ನಗುವುದಕ್ಕೇ ಅಂತ ಕೆಟ್ಟ ಸಿನಿಮಾ ಹುಡುಕುವ ಗುಂಪೊಂದಿದೆ. ಅವರ ಮೆಚ್ಚಿನದು ನಿರ್ದೇಶಕ ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’. 1956ರಲ್ಲಿ ತೀರಿಕೊಂಡ, ಡ್ರಾಕುಲಾ ಪಾತ್ರದ ನಟ ಬೇಲಾ ಲುಗೋಸಿಯ ಕೆಲವೇ ತುಣುಕು ಅವನ ಕೈಲಿತ್ತು. ಉಳಿದ ದೃಶ್ಯಗಳಿಗೆ ತನ್ನ ಹೆಂಡತಿಯ ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುತ್ತಿದ್ದ ಕೈರೋಪ್ರಾಕ್ಟರನ್ನು ಕರೆತಂದು, ಮುಖಕ್ಕೆ ಮೇಲಂಗಿ ಅಡ್ಡ ಹಿಡಿಸಿ ನಡೆಸಿದ. ಆತ ಲುಗೋಸಿಗಿಂತ ಎತ್ತರ. ನಗು ಬರುತ್ತದೆ, ಬರಬಾರದು ಅಂತ ನಾನೇನೂ ಹೇಳಲ್ಲ. ಆದರೆ ಅಣಕಿಸುವುದಕ್ಕೆಂದೇ ಕೂತವರಿಗೆ ಸಿನಿಮಾ ಶಿಫಾರಸು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಅವರಿಗೆ ಈಜುಕೊಳ ತೋರಿಸಿದರೂ ನೀರಿನಲ್ಲಿ ದಾರ ಹುಡುಕುತ್ತಾರೆ.

ಅರ್ಧ ಬೆಂದ ಸಿನಿಮಾ ಸಹಿಸುವ ತಾಳ್ಮೆ ಇದ್ದವರಿಗೆ ಮಾತ್ರ ‘ಮೆಸಾಯ ಆಫ್ ಈವಿಲ್’ ಹೇಳುತ್ತೇನೆ. 1970ರ ದಶಕದ ಮೊದಲಲ್ಲಿ ವಿಲಾರ್ಡ್ ಹೈಕ್, ಗ್ಲೋರಿಯಾ ಕ್ಯಾಟ್ಜ್ ದಂಪತಿ ಮಾಡಿದ್ದು. ಮುಂದೆ ಇವರೇ ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಸಿನಿಮಾಕ್ಕೆ ಚಿತ್ರಕಥೆ ಬರೆದರು. ದುಡ್ಡು ಮುಗಿದು ಸಿನಿಮಾ ಅವರ ಕೈತಪ್ಪಿತು, ಬೇರೆ ಯಾರೋ ಹೇಗೋ ಮುಗಿಸಿದರು. ಕಥೆ ಪೂರ್ತಿ ಅರ್ಥವಾಗುವುದಿಲ್ಲ. ಅರ್ಥ ಮಾಡಿಕೊಳ್ಳಲು ಹೋಗಲೂ ಬೇಡಿ. ಒಬ್ಬಳು ಹುಡುಗಿ ಸಿನಿಮಾ ನೋಡಲು ಹೋಗುತ್ತಾಳೆ. ಥಿಯೇಟರ್ ಹೆಚ್ಚುಕಡಿಮೆ ಖಾಲಿ. ಪರದೆಯ ಮೇಲೆ ಸಿನಿಮಾ ಶುರುವಾಗುತ್ತದೆ. ಅವಳ ಹಿಂದಿನ ಸಾಲಿಗೆ ಒಬ್ಬರು ಬಂದು ಕೂರುತ್ತಾರೆ. ಇನ್ನೊಬ್ಬರು. ಮತ್ತಿಬ್ಬರು. ಯಾರೂ ಮಾತಾಡುವುದಿಲ್ಲ, ಅವಳು ತಿರುಗಿ ನೋಡುವುದಿಲ್ಲ. ನಮಗೆ ಮಾತ್ರ ಸೀಟುಗಳು ತುಂಬುತ್ತಿರುವುದು ಕಾಣುತ್ತದೆ. ಇದನ್ನು ಥಿಯೇಟರಿನಲ್ಲಿ ಕೂತು ನೋಡಿದವರ ಬೆನ್ನು ಏನಾಗಿರಬೇಡ! ಮನೆಯಲ್ಲಿ ಗೋಡೆಗೆ ಒರಗಿ ಕೂತವರಿಗೆ ಸ್ವಲ್ಪ ಕಮ್ಮಿ.

ನನ್ನ ಪದ್ಧತಿ ಕೈಕೊಡುವುದು ಒಂದೇ ಕಡೆ. ಜಪಾನಿನ ‘ಹೌಸು’, 1977. ನಿರ್ದೇಶಕ ನೊಬುಹಿಕೊ ಒಬಾಯಾಶಿ ಅಲ್ಲಿಯವರೆಗೆ ಜಾಹೀರಾತು ಮಾಡುತ್ತಿದ್ದವರು. ನಿನಗೆ ಯಾವುದು ಭಯ ಅಂತ ತಮ್ಮ ಪುಟ್ಟ ಮಗಳನ್ನು ಕೇಳಿ, ಅವಳು ಹೇಳಿದ್ದನ್ನೆಲ್ಲ ಕಥೆಗೆ ಸೇರಿಸಿದರು. ಏಳು ಹುಡುಗಿಯರು ಹಳ್ಳಿಯ ಒಂದು ಮನೆಗೆ ಹೋಗುತ್ತಾರೆ. ಮನೆ ಅವರನ್ನು ತಿನ್ನುತ್ತದೆ. ಅಷ್ಟೇ ಕಥೆ. ಆಕಾಶ ಪರದೆಗೆ ಬಳಿದ ಬಣ್ಣ ಅನ್ನುವುದು ಗೊತ್ತಾಗುತ್ತದೆ, ಆದರೆ ಅದು ಗೊತ್ತಾಗಲಿ ಅಂತಲೇ ಬಳಿದದ್ದು. ಟ್ರಿಕ್ಕುಗಳು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗಿವೆ, ಹಾಗೇ ಇರಬೇಕು ಅಂತ ಮಾಡಿದ್ದು. ಇಲ್ಲಿ ಕೊರತೆ ಮೊದಲು ಹೇಳಲು ಹೊರಟರೆ ಅದೇ ಹೊಗಳಿಕೆ ಆಗಿಬಿಡುತ್ತದೆ. ಹಾಗಾಗಿ ಯಾರಿಗೂ ಏನೂ ವಿವರಿಸಲು ಹೋಗುವುದಿಲ್ಲ. ಹೆಸರು ಹೇಳಿ ಸುಮ್ನೆ ಇದ್ದುಬಿಡುತ್ತೇನೆ. ನೋಡಿದವರಲ್ಲಿ ಅರ್ಧ ಜನ, ಇದೆಂಥ ಹುಚ್ಚು ಸಿನಿಮಾ ರೀ ಅಂತ ಬೈಯುತ್ತಾ ಬರುತ್ತಾರೆ. ಬೈಯಲಿ, ಆದರೆ ನಡುವೆ ನಿಲ್ಲಿಸಿ ಬಂದವರ ಬೈಗುಳ ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಪಿಯಾನೋ ಬರೋ ತನಕ ನೋಡಿದ್ರಾ, ಇಲ್ವಾ? ಅದು ಹೇಳಿ ಮೊದಲು.