ಅರ್ಥ ಆಯ್ತಾ? ಆಯ್ತು ಸಾರ್!

ತರಗತಿಯಲ್ಲಿ ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. "ಅರ್ಥ ಆಯ್ತಾ?"

ಮೇಷ್ಟ್ರು ಬಾಯಿ ಮುಚ್ಚುವುದರೊಳಗೆ ಇಡೀ ತರಗತಿ "ಆಯ್ತು ಸಾ...ರ್" ಎಂದು ರಾಗ ಎಳೆದು ಮುಗಿಸಿರುತ್ತದೆ. ಕೊನೆಯ ಬೆಂಚಿನಲ್ಲಿ ಕಂಪಾಸಿನ ಮೊನೆಯಿಂದ ಡೆಸ್ಕಿನ ಮೇಲೆ ತನ್ನ ಹೆಸರಿನ ಎರಡನೇ ಅಕ್ಷರ ಕೆತ್ತುತ್ತಿರುವವನೂ ತಲೆಯೆತ್ತದೆ ದನಿಗೂಡಿಸುತ್ತಾನೆ. (ಆ ಕೆತ್ತನೆ ಕೆಲಸ ನಾನೂ ಮಾಡಿದ್ದೇನೆ. ಮೂರನೇ ಅಕ್ಷರಕ್ಕೆ ಒತ್ತು ಇದ್ದರೆ ಕಷ್ಟ.) ಅವನಿಗೆ ಆಗಿದ್ದೇನು ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿದರೆ ಪಾಠ ಮತ್ತೆ ಮಾಡಬೇಕು, ಪೋರ್ಷನ್ ಮುಗಿಯಬೇಕಲ್ಲ! ಪೋರ್ಷನ್ ಹೇಗೂ ಮುಗಿಯುತ್ತದೆ. ಬಸ್ಸು ಹೊತ್ತಿಗೆ ಸರಿಯಾಗಿ ಕೊನೆಯ ನಿಲ್ದಾಣ ಮುಟ್ಟುತ್ತದೆ. ಒಳಗೆ ಯಾರೂ ಹತ್ತಿರಲಿಲ್ಲ ಎನ್ನುವುದು ಚಾಲಕರಿಗೆ ಸಂಬಂಧಿಸಿದ ವಿಷಯವಲ್ಲ.

ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದು 1970ರ ದಶಕದಲ್ಲಿ ಪ್ರಕಟಿಸಿದರು. ಸುಮಾರು 1 ಸೆಕೆಂಡ್! ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಎನ್ನುವವರು ಕಡಿಮೆಯಾದರು, ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು. ಎಡವಟ್ಟಾಗಿದ್ದು ಬಹುಶಃ ಇಲ್ಲೇ. ಮಕ್ಕಳು ಪ್ರಶ್ನೆ ಕೇಳತೊಡಗಿದರೆ ಪೋರ್ಷನ್ನಿನ ಗತಿಯೇನು? ಅರ್ಧ ಶತಮಾನವಾದರೂ ಆ ಮಿಕ್ಕ 2 ಸೆಕೆಂಡ್ ಯಾವ ವೇಳಾಪಟ್ಟಿಗೂ ಹಿಡಿಸಿಲ್ಲ.

ರೋ ಕಂಡ ಇನ್ನೊಂದು ಸಂಗತಿ ಇದೆ. ಶಿಕ್ಷಕರು ಹಿಂದುಳಿದವರೆಂದು ಗುರುತಿಸಿದ್ದ ಮಕ್ಕಳಿಗೆ ಉತ್ತರಿಸಲು ಸಿಗುತ್ತಿದ್ದ ಸಮಯ ಜಾಣರಿಗಿಂತಲೂ ಕಡಿಮೆ. ಎಂಥ ವ್ಯವಹಾರ ಜ್ಞಾನ! ನಿಧಾನಕ್ಕೆ ನಡೆಯುವವನ ಮುಂದೆ ಬೇಗ ಗೇಟು ಹಾಕಿದರೆ ಅವನು ಹಿಂದುಳಿದವನೆಂದು ನಾವು ಹೇಳಿದ್ದು ಪ್ರತಿದಿನವೂ ನಿಜವಾಗುತ್ತದೆ.

ಅಪರೂಪಕ್ಕೊಬ್ಬಳು ಎದ್ದು ನಿಂತು "ಅರ್ಥ ಆಗ್ಲಿಲ್ಲ ಸಾರ್" ಅನ್ನುವುದುಂಟು. "ಇಷ್ಟೊತ್ತು ಎಲ್ಲಿದ್ದೆ ನೀನು?" ತರಗತಿ ಗೊಳ್ಳೆಂದು ನಗುತ್ತದೆ. ಅವಳು ಕೂತು, ಮುಚ್ಚಿದ ಪೆನ್ನಿನ ಕ್ಯಾಪನ್ನು ಮತ್ತೆ ಮತ್ತೆ ಒತ್ತಿ ಮುಚ್ಚುತ್ತಾಳೆ. ಬೋರ್ಡಿನ ಮೇಲಿದ್ದ ಸೂತ್ರ ಪರೀಕ್ಷೆಯ ಮಾರನೇ ದಿನ ಮರೆಯುತ್ತದೆ, ಈ ಪಾಠ ಮಾತ್ರ ಮರೆಯುವುದಿಲ್ಲ. ಮುಂದೆ ಅವಳು ಸಾಲದ ಪತ್ರದ ಹದಿನೆಂಟು ಪುಟಗಳಿಗೂ ಓದದೆ ಸಹಿ ಹಾಕುತ್ತಾಳೆ, "ನಿಯಮಗಳನ್ನು ಓದಿ ಒಪ್ಪಿದ್ದೇನೆ" ಎಂಬ ಚೌಕಕ್ಕೆ ಗುರುತು ಒತ್ತುತ್ತಾಳೆ, ಡಾಕ್ಟರು "ಗೊತ್ತಾಯ್ತಲ್ಲ?" ಎಂದರೆ ತಲೆಯಾಡಿಸುತ್ತಾಳೆ. ಶಿಕ್ಷಣ ಬದುಕಿಗೆ ಉಪಯೋಗಕ್ಕೆ ಬರುವುದಿಲ್ಲ ಎಂದವರು ಯಾರು?

ಇದಕ್ಕೆ ಪರಿಹಾರವಾಗಿ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ವಿಷಯ: ಪ್ರಶ್ನಿಸುವ ಮಗುವನ್ನು ರೂಪಿಸುವುದು ಹೇಗೆ. ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲಿದ್ದ ಅರವತ್ತು ಸ್ಲೈಡುಗಳನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತಾರೆ. ಕಡೆಗೆ ಕನ್ನಡಕ ತೆಗೆದು, "ಎಲ್ರಿಗೂ ಅರ್ಥ ಆಯ್ತಾ?"

"ಆಯ್ತು ಸಾ...ರ್!"

ಒಬ್ಬ ಮೇಡಂ ಕೈ ಎತ್ತಿದರು. ಸಭಾಂಗಣವಿಡೀ ಅವರನ್ನು ದುರುಗುಟ್ಟಿ ನೋಡಿತು. "ಹಾಜರಿ ಸಹಿ ಎಲ್ಲಿ ಹಾಕ್ಬೇಕು ಸಾರ್?" ಎಂದಾಗ ಎಲ್ಲರಿಗೂ ಹೋದ ಜೀವ ಬಂತು. ಆಮೇಲೆ ಅಭಿಪ್ರಾಯ ತಿಳಿಸುವ ಫಾರ್ಮು ಹಂಚಿದರು. 'ಈ ತರಬೇತಿಯಿಂದ ನೀವು ಕಲಿತದ್ದೇನು?' ಎಂಬ ಕಾಲಂ ತಲುಪಿದ ಮೇಷ್ಟ್ರೊಬ್ಬರು ಪೆನ್ನು ಕಚ್ಚುತ್ತಾ ಪಕ್ಕದವರ ಹಾಳೆಯತ್ತ ಮೆಲ್ಲಗೆ ಕತ್ತು ಚಾಚಿದರು.

ಪಕ್ಕದವರು ಅಂಗೈ ಅಡ್ಡ ಇಟ್ಟುಕೊಂಡರು.