ಕೊಂಕಣ ಸುತ್ತಿ ಜಯನಗರಕ್ಕೆ

ಜೆ.ಪಿ. ನಗರದ ನಮ್ಮ ಮನೆಯಿಂದ ಜಯನಗರ 4ನೇ ಬ್ಲಾಕಿಗೆ 4 ಕಿಲೋಮೀಟರ್. ಇವತ್ತು ಬೆಳಿಗ್ಗೆ ಅದು 11 ಆಯಿತು.

ಮಾವನವರನ್ನು ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು. ತಿರುವಿನಲ್ಲೇ ಹಳದಿ ಬೋರ್ಡು: ‘ಟೇಕ್ ಡೈವರ್ಷನ್’. ಕೆಳಗೊಂದು ಬಾಣ. ಬಾಣ ಹೇಳಿದ ಕಡೆ ತಿರುಗಿದೆ. ಮುಂದೆ ಇನ್ನೊಂದು ಬೋರ್ಡು ಇರಬೇಕು, ಅಲ್ವಾ? ಇಲ್ಲ. ದಾರಿ ಬಿಡಿಸುವುದಷ್ಟೇ ಅವರ ಕೆಲಸ. ವಾಪಸ್ ಸೇರುವುದು ನಮ್ಮ ಹಣೆಬರಹ.

ಮಾವ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಹಿಂದಿನ ಸೀಟಿನಿಂದ ಪಾಠ ಶುರುವಾಯಿತು. “ಅಳಿಯಂದ್ರೇ, ಇದನ್ನ ಅಮೆರಿಕದಲ್ಲಿ ಡೀಟೂರ್ ಅಂತಾರೆ. ಫ್ರೆಂಚಿನಿಂದ ಬಂದಿದ್ದು. ಪಕ್ಕಕ್ಕೆ ತಿರುಗೋದು ಅಂತ. ಇಂಗ್ಲೆಂಡಿನವರಿಗೆ ಡೈವರ್ಷನ್. ನಾವೂ ಅದನ್ನೇ ಹಿಡಿದ್ವಿ. ಆದ್ರೆ ‘ಟೇಕ್’ ಆದಮೇಲೆ ಒಂದು ‘ಎ’ ಬೇಕಿತ್ತು.”

ರಸ್ತೆಯೇ ಕಳೆದುಹೋಗಿತ್ತು. ಇವರು ಆರ್ಟಿಕಲ್ ಹುಡುಕುತ್ತಿದ್ದರು.

ಸಂದಿಯಲ್ಲಿ ಎದುರಿಗೆ ನೀರಿನ ಟ್ಯಾಂಕರ್ ಬಂತು. ರಿವರ್ಸ್ ತೆಗೆದೆ. “ಡೈವರ್ಷನ್ ಅಂದ್ರೆ ಮನರಂಜನೆ ಅಂತಾನೂ ಅರ್ಥ ಇದೆ, ಗೊತ್ತಾ?” ನನಗೆ ಗೊತ್ತಿರಲಿಲ್ಲ. ಟ್ಯಾಂಕರಿನವನಿಗೆ ಗೊತ್ತಿತ್ತು ಅನ್ಸುತ್ತೆ, ನನ್ನ ರಿವರ್ಸ್ ನೋಡಿ ನಗುತ್ತಿದ್ದ.

ಮಾವನ ಮಾತೂ ಹೀಗೇ. ಕಾಫಿ ಕುಡಿದ್ರಾ ಅಂತ ಕೇಳಿದರೆ 1974ರ ತಿಪಟೂರಿನಿಂದ ಹೊರಡುತ್ತಾರೆ. ಅಲ್ಲಿನ ಬಾಡಿಗೆ ಮನೆ, ಓನರ್ ಕಟ್ಟಿದ್ದ ಎಮ್ಮೆ, ಎಮ್ಮೆ ಹಾಲಿನ ಗಟ್ಟಿ ಕಾಫಿ, ಅದಕ್ಕೇ ಬರುತ್ತಿದ್ದ ಹೆಡ್ಮಾಸ್ಟರು, ಹೆಡ್ಮಾಸ್ಟರ ಮಗಳ ಮದುವೆ, ಮದುವೆಯಲ್ಲಿ ಸಾಲದೆ ಹೋದ ಹೋಳಿಗೆ. ಅಷ್ಟರಲ್ಲಿ ನಮ್ಮ ಮನೆಯ ಕಾಫಿ ಆರಿರುತ್ತದೆ. ಕುಡಿದರೋ ಇಲ್ಲವೋ ಕೊನೆಗೂ ತಿಳಿಯುವುದಿಲ್ಲ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅಂತ ಗಾದೆ ಇದೆಯಲ್ಲ, ನಮ್ಮ ಮಾವ ಮೈಲಾರಕ್ಕೆ ಬರುವುದೇ ಇಲ್ಲ. ಕೊಂಕಣದಲ್ಲೇ ಮನೆ ಮಾಡಿಬಿಡುತ್ತಾರೆ.

ಅತ್ತೆ ಇದ್ದಾಗ ಅಡುಗೆಮನೆಯಿಂದಲೇ “ಸಾಕು, ವಿಷಯಕ್ಕೆ ಬನ್ನಿ” ಅಂತ ಕೂಗುತ್ತಿದ್ದರು. ತಕ್ಷಣ ಬಂದುಬಿಡುತ್ತಿದ್ದರು. ಈಗ ಹಾಗೆ ಕೂಗುವವರು ಯಾರೂ ಇಲ್ಲ.

ಸುತ್ತಿ ಸುತ್ತಿ ಬಂದರೆ ಮತ್ತೆ ಅದೇ ಬೋರ್ಡು! ಪಕ್ಕದ ಟೀ ಅಂಗಡಿಯವನನ್ನು ಕೇಳಿದೆ. “ಅದು ಮೊನ್ನೇದು ಸಾರ್. ಗುಂಡಿ ಮುಚ್ಚಾಯ್ತು. ಬೋರ್ಡು ತೆಗೆಯೋಕೆ ಮರ್ತಿದಾರೆ. ಸುಮ್ನೆ ಹೋಗಿ.” ಸ್ಕೂಟರುಗಳೆಲ್ಲ ಬೋರ್ಡಿನ ಪಕ್ಕದಲ್ಲೇ ನುಗ್ಗಿ ನೇರ ಹೋಗುತ್ತಿದ್ದವು. ಅದನ್ನು ಓದಿ ಪಾಲಿಸಿದವನು ನಾನೊಬ್ಬನೇ ಇರಬೇಕು.

ಮುಕ್ಕಾಲು ಗಂಟೆ ತಡವಾಗಿ ತಲುಪಿದೆವು. ಡಾಕ್ಟರು ಅವಸರದಲ್ಲಿದ್ದರು. “ಹೇಳಿ ಯಜಮಾನ್ರೇ, ಏನು ತೊಂದರೆ?”

ಮಾವ ಕನ್ನಡಕ ತೆಗೆದು, ಮಡಚಿ, ಜೇಬಿಗಿಟ್ಟುಕೊಂಡರು. “ನೋಡಿ ಡಾಕ್ಟ್ರೇ, 1974ರಲ್ಲಿ ನಾನು ತಿಪಟೂರಿಗೆ ಹೋದಾಗ…”